ಕುಲುಮೆಯಿಂದ ಅನಿಲಜ್ವಾಲೆಗೆ: ಬೆಸುಗೆಯ ಕಸಬಿನಲ್ಲಿ ಎಚ್ಚರಿಕೆಯ ವಿಚಾರ

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿಗೆ ಸೇರಿದ ನಂದಗಡವನ್ನು ಇತಿಹಾಸದ ವಿದ್ಯಾರ್ಥಿಗಳು ಒಂದು ದಿನಾಂಕದಿಂದ ಅರಿಯುತ್ತಾರೆ. 1831ನೆಯ ಇಸವಿಯ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ಊರು ಅದು. ಆದರೆ ಒಂದು ಊರಿನ ಚರಿತ್ರೆಯೆಂಬುದು ವೀರರ ಚರಿತ್ರೆಯಷ್ಟೇ ಅಲ್ಲ. ನೇಗಿಲಿನ ಗುಳವನ್ನು ಹರಿತಗೊಳಿಸಿದ, ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಿಯನ್ನು ತೊಡಿಸಿದ ಕೈಗಳ ಚರಿತ್ರೆಯೂ ಅದರಲ್ಲಿ ಅಡಗಿರುತ್ತದೆ. ನಂದಗಡದಂಥ ಒಕ್ಕಲುತನದ ಊರುಗಳಲ್ಲಿ ಈಗ ಬಂಡಿಯ ಸ್ಥಾನಕ್ಕೆ ಟ್ರ್ಯಾಕ್ಟರು ಬಂದಿದೆ. ತಿದಿ ಕುಲುಮೆಗಳ ಸ್ಥಾನದಲ್ಲಿ ಎರಡು ಸಿಲಿಂಡರುಗಳೂ ಒಂದು ಊದುಕೊಳವೆಯೂ ಬಂದು ನಿಂತಿವೆ. ಈ ಪಲ್ಲಟದ ಒಂದು ಮುಖವನ್ನು ಮಾತ್ರ ನಾವು ಇಲ್ಲಿ ವಿವೇಚಿಸಬಯಸುತ್ತೇವೆ. ಕುಲುಮೆಯ ಬಳಿ ಗುಣವೆನಿಸಿದ್ದ ಕೆಲವು ಅಭ್ಯಾಸಗಳು ಅನಿಲಜ್ವಾಲೆಯ ಬಳಿ ಪ್ರಾಣಾಪಾಯಕ್ಕೆ ಕಾರಣವಾಗುತ್ತವೆ. ಏಕೆ ಎಂಬುದನ್ನು ತಿಳಿಯದೆ ಎಚ್ಚರಿಕೆಯ ನಿಯಮಗಳನ್ನು ಬಾಯಿಪಾಠ ಮಾಡಿದರೆ ಪ್ರಯೋಜನವಿಲ್ಲ.

ಮೊದಲು ಈ ವಿದ್ಯೆಯ ಹುಟ್ಟನ್ನು ಸಂಕ್ಷೇಪವಾಗಿ ನೋಡೋಣ. ಅಸಿಟಿಲೀನ್ ಅನಿಲವನ್ನು 1836ರಲ್ಲಿ ಎಡ್ಮಂಡ್ ಡೇವಿ ಕಂಡುಹಿಡಿದನು. 1892ರಲ್ಲಿ ಥಾಮಸ್ ವಿಲ್ಸನ್ ವಿದ್ಯುತ್ ಕುಲುಮೆಯಲ್ಲಿ ಕ್ಯಾಲ್ಸಿಯಂ ಕಾರ್ಬೈಡನ್ನು ತಯಾರಿಸುವ ಮಾರ್ಗವನ್ನು ತೆರೆದ ಮೇಲೆ ಈ ಅನಿಲವು ಸುಲಭವಾಗಿ ದೊರೆಯತೊಡಗಿತು. ಕಾರ್ಬೈಡಿಗೆ ನೀರು ತಗುಲಿದರೆ ಸಾಕು, ಅಸಿಟಿಲೀನ್ ಹೊರಡುತ್ತದೆ. ಅದನ್ನು ಆಮ್ಲಜನಕದೊಡನೆ ಉರಿಸಿದರೆ ಅತ್ಯುಷ್ಣ ಜ್ವಾಲೆ ದೊರೆಯುವುದೆಂದು ಫ್ರಾನ್ಸಿನ ಲೆ ಶಾಟೆಲಿಯೆ 1895ರಲ್ಲಿ ತೋರಿಸಿದನು. ಆ ಜ್ವಾಲೆಯ ಉಷ್ಣತೆ ಸುಮಾರು 3,100 ಡಿಗ್ರಿ ಸೆಲ್ಸಿಯಸ್. ಕಬ್ಬಿಣ ಕರಗುವುದು 1,538 ಡಿಗ್ರಿಯಲ್ಲಿ. 1903ರ ಹೊತ್ತಿಗೆ ಫೂಷೆ ಮತ್ತು ಪಿಕಾರ್ ಎಂಬವರು ಕೈಯಲ್ಲಿ ಹಿಡಿಯಬಹುದಾದ ಊದುಕೊಳವೆಯನ್ನು ರೂಪಿಸಿದರು.

ಜ್ವಾಲೆ ಕೈಗೆ ಬಂದರೂ ಅನಿಲವು ಪಳಗಲಿಲ್ಲ. ಅಸಿಟಿಲೀನನ್ನು ಇತರ ಅನಿಲಗಳಂತೆ ಒತ್ತಿ ತುಂಬಲಾಗದು; ಒತ್ತಡ ಹೆಚ್ಚಿದರೆ ಗಾಳಿಯ ಸಂಪರ್ಕವಿಲ್ಲದೆಯೇ ಅದು ತನ್ನಷ್ಟಕ್ಕೆ ಒಡೆದು ಸಿಡಿಯಬಲ್ಲುದು. ಈ ತೊಡಕಿಗೆ 1897ರಲ್ಲಿ ಕ್ಲಾಡ್ ಮತ್ತು ಹೆಸ್ ಪರಿಹಾರವನ್ನು ಕಂಡರು: ಅನಿಲವನ್ನು ಅಸಿಟೋನ್ ಎಂಬ ದ್ರವದಲ್ಲಿ ಕರಗಿಸುವುದು. ಸಿಲಿಂಡರಿನೊಳಗೆ ರಂಧ್ರಮಯ ವಸ್ತುವನ್ನು ತುಂಬಿ ಆ ದ್ರವವನ್ನು ಹೀರಿಸುವ ಪದ್ಧತಿಯನ್ನು ಸ್ವೀಡನ್ನಿನ ಗುಸ್ತಾವ್ ದಾಲೆನ್ ಉತ್ತಮಪಡಿಸಿದನು. 1912ರಲ್ಲಿ ಆತನಿಗೆ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ದೊರೆಯಿತು. ಅದೇ ವರ್ಷ ಅಸಿಟಿಲೀನ್ ಪ್ರಯೋಗವೊಂದರಲ್ಲಿ ಸ್ಫೋಟವಾಗಿ ಆತನು ಎರಡೂ ಕಣ್ಣುಗಳನ್ನು ಕಳೆದುಕೊಂಡನು. ಈ ಅನಿಲವನ್ನು ಅಷ್ಟು ಬಲ್ಲವನಿಗೇ ಹೀಗಾಯಿತೆಂಬುದು ಗಮನಾರ್ಹ.

ಈಗ ಕುಲುಮೆಯ ಅಭ್ಯಾಸಗಳ ವಿಚಾರಕ್ಕೆ ಬರೋಣ. ಬಿಗಿದ ತಿರುಪಿಗೆ ಎಣ್ಣೆ ಬಿಡುವುದು ಕಮ್ಮಾರನ ಮೊದಲ ಪಾಠ. ಆಮ್ಲಜನಕದ ಕವಾಟಕ್ಕೋ ರೆಗ್ಯುಲೇಟರಿಗೋ ಅದೇ ಎಣ್ಣೆ ತಗುಲಿದರೆ, ತೀವ್ರ ಒತ್ತಡದ ಆಮ್ಲಜನಕದಲ್ಲಿ ಅದು ಕಿಡಿಯಿಲ್ಲದೆಯೇ ಹೊತ್ತಿಕೊಳ್ಳಬಹುದು. ಇದರ ಕಾರಣವು ಕಬ್ಬಿಣ ಕತ್ತರಿಸುವ ಕ್ರಿಯೆಯಲ್ಲಿಯೇ ಇದೆ. ಕತ್ತರಿಸುವಾಗ ಜ್ವಾಲೆಯು ಕಬ್ಬಿಣವನ್ನು ಕೆಂಪಗೆ ಕಾಯಿಸುತ್ತದೆಯಷ್ಟೆ. ಅನಂತರ ಹಾಯುವ ಆಮ್ಲಜನಕದ ಧಾರೆಯಲ್ಲಿ ಕಬ್ಬಿಣವು ಕಟ್ಟಿಗೆಯಂತೆ ಉರಿದು ಹೋಗುತ್ತದೆ. ಕಾದ ಕಬ್ಬಿಣವನ್ನೇ ಉರಿಸಬಲ್ಲ ಅನಿಲವು ಎಣ್ಣೆಯನ್ನೂ ಹತ್ತಿಯ ಅಂಗಿಯನ್ನೂ ಬಿಟ್ಟೀತೆ? ಆದುದರಿಂದಲೇ ಆಮ್ಲಜನಕವನ್ನು ಬರಿಯ ಗಾಳಿಯೆಂದು ಭಾವಿಸಿ ಬಟ್ಟೆಯ ಧೂಳು ಹಾರಿಸುವುದು, ಸೆಕೆಗೆ ಮೈಗೆ ಬಿಟ್ಟುಕೊಳ್ಳುವುದು ಘೋರವಾದ ತಪ್ಪು. ಬಟ್ಟೆಯ ಎಳೆಗಳಲ್ಲಿ ಸೇರಿಕೊಂಡ ಆಮ್ಲಜನಕವು ಒಂದು ಕಿಡಿಗಾಗಿ ಕಾದಿರುತ್ತದೆ.

ಮುರಿದ ಭಾಗಕ್ಕೆ ಕೈಗೆ ಸಿಕ್ಕಿದ್ದನ್ನು ಜೋಡಿಸಿ ಕೆಲಸ ಸಾಗಿಸುವುದು ಹಳ್ಳಿಯ ಕಸಬುದಾರನ ಜಾಣ್ಮೆ. ಆದರೆ ಅಸಿಟಿಲೀನಿನ ದಾರಿಯಲ್ಲಿ ತಾಮ್ರದ ಕೊಳವೆಯನ್ನು ಜೋಡಿಸಿದರೆ ಇವೆರಡೂ ಕೂಡಿ, ತಟ್ಟಿದರೆ ಸಿಡಿಯುವ ಸಂಯುಕ್ತವೊಂದು ಹುಟ್ಟುತ್ತದೆ. ಅಂತೆಯೇ ಭಾರವಾದ ವಸ್ತುವನ್ನು ನೆಲಕ್ಕೆ ಮಲಗಿಸಿಡುವುದು ಲೋಕರೂಢಿ; ಅಸಿಟಿಲೀನ್ ಸಿಲಿಂಡರನ್ನು ಮಲಗಿಸಿ ಬಳಸಿದರೆ ಅಸಿಟೋನ್ ದ್ರವವು ಅನಿಲದೊಡನೆ ಹೊರಗೆ ಹರಿಯುತ್ತದೆ. ಅದನ್ನು ನೆಟ್ಟಗೆ ನಿಲ್ಲಿಸಿ ಸರಪಳಿಯಿಂದ ಕಟ್ಟಬೇಕು. ಕೊಳವೆಯಲ್ಲಿ ಅದರ ಒತ್ತಡವು ಚದರ ಸೆಂಟಿಮೀಟರಿಗೆ 1 ಕಿಲೋಗ್ರಾಮನ್ನು ಮೀರಕೂಡದು.

ಹಳೆಯ ಪೀಪಾಯಿಗೆ ತೇಪೆ ಹಾಕುವುದು ಇನ್ನೊಂದು ರೂಢಿ. ಡೀಸೆಲ್ ಅಥವಾ ಪೆಟ್ರೋಲ್ ಇದ್ದ ಪೀಪಾಯಿ ಬರಿದಾದಾಗಲೇ ಹೆಚ್ಚು ಭಯಂಕರ. ತಳದಲ್ಲಿ ಉಳಿದ ಪಸೆಯು ಆವಿಯಾಗಿ ಗಾಳಿಯೊಡನೆ ಬೆರೆತು ಜ್ವಾಲೆಗಾಗಿ ಸಿದ್ಧವಾಗಿರುತ್ತದೆ. 1948ರ ಕಾರ್ಖಾನೆ ಕಾಯಿದೆಯ 37ನೆಯ ಕಲಮು ಇಂಥ ಪಾತ್ರೆಗಳನ್ನು ಶುದ್ಧಿಗೊಳಿಸದೆ ಬೆಸುಗೆ ಹಾಕುವುದನ್ನಾಗಲಿ ಕತ್ತರಿಸುವುದನ್ನಾಗಲಿ ನಿಷೇಧಿಸಿತು. 35ನೆಯ ಕಲಮು ಕಣ್ಣುಗಳ ರಕ್ಷಣೆಯನ್ನು ವಿಧಿಸಿತು. ಕಾಯಿದೆಯ ಇಂಥ ಕಲಮುಗಳನ್ನು ಇತಿಹಾಸದ ಅಭ್ಯಾಸಿಗಳು ಒಂದು ಬಗೆಯ ಶಾಸನವೆಂದೇ ಓದಬೇಕು. ಹೆಸರು ಉಳಿಯದ ಎಷ್ಟೋ ಕೆಲಸಗಾರರ ಅನುಭವವು ಅವುಗಳಲ್ಲಿ ದಾಖಲಾಗಿದೆ.

ಆದರೆ ಆ ಕಾಯಿದೆಯ ವ್ಯಾಪ್ತಿಯು ಮುಖ್ಯವಾಗಿ, ಯಂತ್ರಶಕ್ತಿಯ ನೆರವಿನಿಂದ 10 ಅಥವಾ ಹೆಚ್ಚು ಜನರು ದುಡಿಯುವ ಸ್ಥಳಗಳಿಗೆ ಸೀಮಿತವಾಗಿತ್ತು. 2020ರ ಸಂಹಿತೆಯು ಈ ಸಂಖ್ಯೆಯನ್ನು 20ಕ್ಕೆ ಏರಿಸಿತು. ಬೆಳಗಾವಿಯ ಉದ್ಯಮಬಾಗದ ದೊಡ್ಡ ಕಾರ್ಖಾನೆಗೆ ಅನ್ವಯಿಸುವ ಕಟ್ಟಳೆಯು ಇಬ್ಬರು ಮೂವರು ದುಡಿಯುವ ಹಳ್ಳಿಯ ಅಂಗಡಿಯನ್ನು ಮುಟ್ಟುವುದಿಲ್ಲ. ಅಲ್ಲಿ ಹುಡುಗನನ್ನು ಕಾಯುವುದು ಅವನಿಗಿರುವ ತಿಳಿವಳಿಕೆಯೊಂದೇ. ಅವನು ಕಸಬನ್ನು ನೋಡಿ ಕಲಿಯುತ್ತಾನೆ. ಕುಲುಮೆಯ ಕಾಲಕ್ಕೆ ಅಷ್ಟು ಸಾಕಾಗಿತ್ತು. ಕೆಂಡವು ಕಣ್ಣಿಗೆ ಕಾಣುತ್ತಿತ್ತು, ಕಾವು ದೂರದಿಂದಲೇ ಎಚ್ಚರಿಸುತ್ತಿತ್ತು. ಆಮ್ಲಜನಕಕ್ಕಾದರೋ ಬಣ್ಣವಿಲ್ಲ, ವಾಸನೆಯಿಲ್ಲ. ಕಾಣದ ಅಪಾಯವನ್ನು ನೋಡಿ ಕಲಿಯಲಾಗದು. ಅದನ್ನು ಮಾತಿನಿಂದ, ಕಾರಣಸಹಿತ ಕಲಿಸಬೇಕು.

ಕಲಿಸಬೇಕಾದುದು ಬಹಳವೇನೂ ಇಲ್ಲ. ಜೋಡಣೆಗಳ ಸೋರಿಕೆಯನ್ನು ಸಾಬೂನು ನೀರಿನಿಂದ ಪರೀಕ್ಷಿಸಬೇಕು, ಎಂದಿಗೂ ಬೆಂಕಿಕಡ್ಡಿಯಿಂದಲ್ಲ. ಕೆಂಪು ನಳಿಕೆ ಅಸಿಟಿಲೀನಿಗೆ, ನೀಲಿ ಆಮ್ಲಜನಕಕ್ಕೆ. ಅಸಿಟಿಲೀನಿನ ತಿರುಪು ಎಡಗಡೆಗೆ ತಿರುಗುವುದು ಇವೆರಡೂ ಅದಲುಬದಲಾಗದಿರಲೆಂದೇ. ಜ್ವಾಲೆಯು ನಳಿಕೆಯೊಳಗೆ ಹಿಂದಕ್ಕೆ ಓಡದಂತೆ ತಡೆಕವಾಟವನ್ನು ಜೋಡಿಸಿರಬೇಕು. ಕಪ್ಪು ಕನ್ನಡಕ, ದಪ್ಪ ಕೈಚೀಲ, ಗಾಳಿಯಾಡುವ ಜಾಗ ಇವು ಅವಶ್ಯ. ಕಾರ್ಬೈಡಿನಿಂದ ಸ್ವತಃ ಅನಿಲ ತಯಾರಿಸುವ ಅಂಗಡಿಗಳಲ್ಲಿ ಅದರ ಡಬ್ಬಿಯನ್ನು ಒಣಗಿದ ಜಾಗದಲ್ಲಿ ಬಿಗಿಯಾಗಿ ಮುಚ್ಚಿಡಬೇಕು. ಖಾನಾಪುರ ಸೀಮೆಯ ಮಳೆಗಾಲದಲ್ಲಿ ಈ ಮಾತು ವಿಶೇಷವಾಗಿ ಸ್ಮರಣೀಯ.

ಗ್ರಾಮಗಳ ಕಸಬಿನ ಚರಿತ್ರೆಯನ್ನು ಸಂಗ್ರಹಿಸಲು ಹೊರಡುವ ನಮ್ಮ ವಿದ್ಯಾರ್ಥಿಗಳು ಹಳೆಯ ಕುಲುಮೆಯ ವಿವರಗಳನ್ನು ಆಸಕ್ತಿಯಿಂದ ಬರೆದು ತರುತ್ತಾರೆ. ಅದರ ಪಕ್ಕದಲ್ಲಿಯೇ ಇರುವ ಬೆಸುಗೆಯ ಅಂಗಡಿಯನ್ನೂ ಅವರು ಹೊಕ್ಕು, ಯಾವ ಅಭ್ಯಾಸ ಉಳಿದಿದೆ, ಯಾವುದು ಬದಲಾಗಿದೆ ಎಂದು ವಿಚಾರಿಸಬೇಕು. ಹಾಗೆ ಹೋದಾಗ ಮೇಲಿನ ನಾಲ್ಕು ಮಾತುಗಳನ್ನು ಕಾರಣಸಹಿತ ಅಲ್ಲಿನ ಹುಡುಗನಿಗೆ ತಿಳಿಸಿ ಬಂದರೆ ಆ ಕ್ಷೇತ್ರಕಾರ್ಯವು ಇನ್ನಷ್ಟು ಸಾರ್ಥಕವಾಗುವುದೆಂದು ನಾವು ನಂಬಿದ್ದೇವೆ.