ಹದಿಮೂರು ಎಂದರೆ ನೂರಾ ಮೂವತ್ತು!

ಓಡುವಾಗ ನಿಮ್ಮ ದೇಹ ಎಷ್ಟು ದುಡಿಯುತ್ತಿದೆ? ಯಂತ್ರ ಬೇಡ, ವಾಚೂ ಬೇಡ. 6ರಿಂದ 20ರೊಳಗೆ ಒಂದು ಸಂಖ್ಯೆ ಹೇಳಿ, ಸಾಕು. ಸುಮ್ಮನೆ ಕೂತಿದ್ದರೆ 6. ಇನ್ನೊಂದು ಹೆಜ್ಜೆಯೂ ಆಗದು ಎನಿಸಿದರೆ 20. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ 1960ರ ದಶಕದಲ್ಲಿ ರೂಪಿಸಿದ ಅಳತೆಗೋಲು ಇದು. ನೀವು ಹೇಳಿದ ಸಂಖ್ಯೆಗೆ ಒಂದು ಸೊನ್ನೆ ಸೇರಿಸಿ: ಹೃದಯ ನಿಮಿಷಕ್ಕೆ ಎಷ್ಟು ಸಲ ಬಡಿಯುತ್ತಿದೆ ಎಂಬುದು ಸರಿಸುಮಾರಾಗಿ ಸಿಕ್ಕೇಬಿಡುತ್ತದೆ! ಸ್ವಲ್ಪ ಕಷ್ಟ ಅನಿಸಿತೇ? 13. ಬಡಿತ ಸುಮಾರು 130.

ಕೂತಲ್ಲೇ ಕೂತರೂ ಹೃದಯಕ್ಕೆ ಬಿಡುವಿಲ್ಲ. ನಿಮಿಷಕ್ಕೆ 70ರಂತೆ ದಿನಕ್ಕೆ 1 ಲಕ್ಷ ಬಡಿತ. ನಿಮಿಷಕ್ಕೆ ಅದು ತಳ್ಳುವ ರಕ್ತ ಸುಮಾರು 5 ಲೀಟರ್. ಮೈಯಲ್ಲಿರುವ ರಕ್ತವೇ ಹೆಚ್ಚುಕಡಿಮೆ ಅಷ್ಟು! ಅಂದರೆ ನಿಮಿಷಕ್ಕೊಂದು ಪೂರ್ತಿ ಸುತ್ತು, ದಿನಕ್ಕೆ 7,200 ಲೀಟರ್.

ಈಗ ಓಡಿ. ಆರೋಗ್ಯವಂತ ಯುವಕನೊಬ್ಬ ಶಕ್ತಿ ಮೀರಿ ಓಡಿದರೆ 5 ಲೀಟರ್ ಇದ್ದದ್ದು 20 ಆಗುತ್ತದೆ. ಪ್ರತಿ 15 ಸೆಕೆಂಡಿಗೆ ಒಂದು ಸುತ್ತು. ವಿಶ್ವದರ್ಜೆಯ ಕ್ರೀಡಾಪಟುವಿನಲ್ಲಿ ಅದೇ 40ರ ಹತ್ತಿರ! ಮನೆಯ ಮೇಲಿನ 1,000 ಲೀಟರ್ ಟ್ಯಾಂಕನ್ನು ಮುಷ್ಟಿಗಾತ್ರದ ಈ ಪಂಪು 25 ನಿಮಿಷದಲ್ಲಿ ತುಂಬಿಸಬಲ್ಲದು.

ಶ್ವಾಸಕೋಶದ ಲೆಕ್ಕ ಇನ್ನೂ ದೊಡ್ಡದು. ವಿಶ್ರಾಂತಿಯಲ್ಲಿ ನಿಮಿಷಕ್ಕೆ 6 ಲೀಟರ್ ಗಾಳಿ. ಘಟಾನುಘಟಿ ಕ್ರೀಡಾಪಟುಗಳಲ್ಲಿ 200ರ ಆಸುಪಾಸು, ಮೂವತ್ತು ಪಟ್ಟಿಗೂ ಮಿಗಿಲು! ಕೂತ ದೇಹ ಪ್ರತಿ ಕಿಲೋ ತೂಕಕ್ಕೆ ನಿಮಿಷಕ್ಕೆ 3.5 ಮಿಲಿಲೀಟರ್ ಆಮ್ಲಜನಕ ಬಳಸುತ್ತದೆ. 2012ರಲ್ಲಿ ನಾರ್ವೆಯ ಸೈಕಲ್ ಪಟು ಓಸ್ಕರ್ ಸ್ವೆಂಡ್ಸನ್ ಮುಟ್ಟಿದ್ದು 97.5. ಸುಮಾರು 28 ಪಟ್ಟು!

ಇಷ್ಟೊಂದು ಬಡಿದರೆ ಹೃದಯ ಸವೆಯದೇ? ಲೆಕ್ಕ ಹಾಕೋಣ. ವಿಶ್ವ ಆರೋಗ್ಯ ಸಂಸ್ಥೆ ಕನಿಷ್ಠವೆಂದು ಹೇಳುವ ವಾರದ 150 ನಿಮಿಷವನ್ನು 13ರ ಮಟ್ಟದಲ್ಲೇ ಕಳೆಯಿರಿ. ನಿಮಿಷಕ್ಕೆ 60 ಬಡಿತ ಹೆಚ್ಚು, ವಾರಕ್ಕೆ 9,000, ವರ್ಷಕ್ಕೆ 4,68,000. ಇದು ಖರ್ಚು. ಈ ಅಭ್ಯಾಸದಿಂದ ವಿಶ್ರಾಂತಿಯ ಬಡಿತ 70ರಿಂದ 60ಕ್ಕೆ ಇಳಿಯಿತು ಎನ್ನಿ: ದಿನಕ್ಕೆ 14,400 ಉಳಿತಾಯ, ವರ್ಷಕ್ಕೆ 52 ಲಕ್ಷ! ಹಾಕಿದ ಬಂಡವಾಳಕ್ಕೆ ಹನ್ನೊಂದು ಪಟ್ಟು. ಖರ್ಚು ಕಳೆದು 20 ವರ್ಷಕ್ಕೆ ಉಳಿಯುವುದು 9 ಕೋಟಿಗೂ ಹೆಚ್ಚು ಬಡಿತ. 70ರ ಲೆಕ್ಕದಲ್ಲಿ ಅದು ಹೃದಯದ ಎರಡೂವರೆ ವರ್ಷದ ದುಡಿಮೆ!