ಎನ್‌ಸಿಸಿ ಮುಗಿಸಿದ ಮಗಳು

ಮಕ್ಕಳು ಪರೀಕ್ಷೆಯಲ್ಲಿ ಹೆಚ್ಚು ಅಂಕಗಳನ್ನು ಗಳಿಸಿದಾಗ ತಂದೆತಾಯಿಗಳಿಗಾಗುವ ಸಂತೋಷವು ನಮ್ಮ ನಾಡಿಗೆ ಹೊಸದಲ್ಲ. ಅದಕ್ಕೆ ಸಿಹಿ ಹಂಚುವ ಪದ್ಧತಿಯೂ ಉಂಟು, ನಂಟರಿಷ್ಟರಿಗೆ ಫೋನು ಮಾಡಿ ತಿಳಿಸುವ ಸಡಗರವೂ ಉಂಟು. ಆದರೆ ಕಾಲೇಜಿನ ಮೂರು ವರ್ಷವೂ ರಾಷ್ಟ್ರೀಯ ಕೆಡೆಟ್ ದಳವಾದ ಎನ್‌ಸಿಸಿಯಲ್ಲಿದ್ದು, ಅದರ ಕಡೆಯ ಮೆಟ್ಟಿಲಾದ 'ಸಿ' ಪ್ರಮಾಣಪತ್ರವನ್ನು ಪಡೆದು ಮನೆಗೆ ಬಂದ ಮಗನನ್ನೋ ಮಗಳನ್ನೋ ಕಂಡಾಗ ಹೆತ್ತವರ ಮನಸ್ಸಿನಲ್ಲಿ ಮೂಡುವ ಹೆಮ್ಮೆಯ ಬಗೆಯೇ ಬೇರೆಯೆಂದು, ಅಂಥ ಮಗಳೊಬ್ಬಳ ತಂದೆಯಾದ ನಾನು ನಿಸ್ಸಂಕೋಚವಾಗಿ ಹೇಳಬಲ್ಲೆ. ಅಂಕಗಳಿಗೆ ಟ್ಯೂಷನ್ ಉಂಟು, ಕೋಚಿಂಗ್ ಉಂಟು, ಅನುಕೂಲಸ್ಥರಿಗೆ ಸೀಟು ದೊರಕಿಸಿಕೊಳ್ಳುವ ಮಾರ್ಗಗಳೂ ಉಂಟು. ಎನ್‌ಸಿಸಿಗೆ ಇವು ಯಾವುವೂ ಇಲ್ಲ. ಅಲ್ಲಿ ಶುಲ್ಕವಿಲ್ಲ; ಸಮವಸ್ತ್ರದ ವೆಚ್ಚವನ್ನು ಸರ್ಕಾರವೇ ಭರಿಸುತ್ತದೆ; ಹಾಜರಿಯನ್ನು ಮಾತ್ರ ಕೆಡೆಟ್ ತಾನೇ ಎದ್ದು, ತಾನೇ ಹೋಗಿ, ತಾನೇ ಬಿಸಿಲಿನಲ್ಲಿ ನಿಂತು ಸಂಪಾದಿಸಬೇಕು. ತಂದೆಯ ಹಣವಾಗಲಿ, ಪರಿಚಯವಾಗಲಿ, ಪ್ರಭಾವವಾಗಲಿ ಪರೇಡ್ ಮೈದಾನದ ಅಂಚನ್ನು ದಾಟಿ ಒಳಕ್ಕೆ ಹೋಗಲಾರದು.

ನಮ್ಮ ಗೊಟ್ಟಿಗೆರೆಯು ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿ, ಹುಳಿಮಾವಿಗೆ ದಕ್ಷಿಣದಲ್ಲಿ, ನೈಸ್ ರಸ್ತೆ ಹಾಯ್ದುಹೋಗುವ ಆಸುಪಾಸಿನಲ್ಲಿದೆ. ಕೆರೆಯ ಹೆಸರನ್ನೇ ತನ್ನ ಹೆಸರಿನೊಳಗೆ ಇಟ್ಟುಕೊಂಡಿರುವ ಈ ಊರು ಒಂದು ತಲೆಮಾರಿನ ಹಿಂದೆ ರಾಗಿಯ ಹೊಲಗಳ ನಡುವಣ ಹಳ್ಳಿಯಾಗಿತ್ತು. ಇಲ್ಲಿಂದ ಕಾಲೇಜಿಗೆ ಹೋಗುವ ಹುಡುಗರು ಜಯನಗರಕ್ಕೋ ಬಸವನಗುಡಿಗೋ ಬಸ್ಸು ಹಿಡಿಯಬೇಕಾಗಿತ್ತು. ಈಗ ಊರು ಮಹಾನಗರದ ಒಡಲೊಳಗೆ ಸೇರಿಹೋಗಿದೆ, ಸಮೀಪದಲ್ಲೇ ಕಾಲೇಜುಗಳಾಗಿವೆ, ಆದರೂ ಜಯನಗರದ ಕಡೆಯ ಕಾಲೇಜುಗಳಿಗೆ ಹೋಗುವ ಮಕ್ಕಳು ಇಂದಿಗೂ ಬಹಳ. ಬೆಳಕು ಹರಿಯುವ ಮೊದಲೇ, 365ನೆಯ ಸಂಖ್ಯೆಯ ಬಸ್ಸಿಗಾಗಿ ಕಾಯುತ್ತ, ಖಾಕಿ ಉಡುಪಿನ ಮೇಲೊಂದು ಸ್ವೆಟರ್ ಹಾಕಿಕೊಂಡು ನಿಂತಿರುವ ಒಬ್ಬಿಬ್ಬರು ಹುಡುಗ ಹುಡುಗಿಯರನ್ನು ಕಂಡರೆ ಅಂದು ಪರೇಡಿನ ದಿನವೆಂದು ತಿಳಿಯಬಹುದು.

ಎನ್‌ಸಿಸಿಯ ಮೂಲವನ್ನು ಹುಡುಕುತ್ತ ಹೋದರೆ ಮೊದಲನೆಯ ಮಹಾಯುದ್ಧದ ಕಾಲಕ್ಕೆ ಮುಟ್ಟುತ್ತೇವೆ. ಸೈನ್ಯದಲ್ಲಿ ಜನರ ಕೊರತೆ ಕಾಣಿಸಿಕೊಂಡಾಗ, 1917ರಲ್ಲಿ, ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗಾಗಿ ಯೂನಿವರ್ಸಿಟಿ ಕೋರ್ ಎಂಬ ದಳವನ್ನು ಕಟ್ಟಲಾಯಿತು; ಮುಂದೆ ಅದೇ ಯೂನಿವರ್ಸಿಟಿ ಟ್ರೈನಿಂಗ್ ಕೋರ್ ಎನಿಸಿಕೊಂಡಿತು. ಅದು ಪರರಾಜ್ಯದ ಅಗತ್ಯಕ್ಕಾಗಿ ಹುಟ್ಟಿದ ವ್ಯವಸ್ಥೆ. ಸ್ವತಂತ್ರ ಭಾರತಕ್ಕೆ ಬೇಕಾದದ್ದು ಬೇರೆಯದು ಎಂಬುದನ್ನು ಮನಗಂಡು ಪಂಡಿತ ಹೃದಯನಾಥ ಕುಂಜ್ರು ಅವರ ಅಧ್ಯಕ್ಷತೆಯ ಸಮಿತಿಯು, ಶಾಲೆ ಕಾಲೇಜುಗಳೆರಡಕ್ಕೂ ಹರಡುವ ರಾಷ್ಟ್ರವ್ಯಾಪಿಯಾದ ಒಂದು ಕೆಡೆಟ್ ಸಂಸ್ಥೆ ಇರಬೇಕೆಂದು ಶಿಫಾರಸು ಮಾಡಿತು. ಅದರಂತೆ 1948ರಲ್ಲಿ ಕಾಯಿದೆಯಾಗಿ, ಆ ವರ್ಷದ ಜುಲೈ ತಿಂಗಳಲ್ಲಿ ಎನ್‌ಸಿಸಿ ಆರಂಭವಾಯಿತು. ಮರುವರ್ಷವೇ ಹೆಣ್ಣುಮಕ್ಕಳ ವಿಭಾಗವೂ ಹುಟ್ಟಿತು. ಅಂದು 20,000 ಕೆಡೆಟ್ಟುಗಳಿಂದ ತೊಡಗಿದ ಸಂಸ್ಥೆಗೆ 2024ರಲ್ಲಿ ಮಂಜೂರಾದ ಬಲ 20 ಲಕ್ಷ. ಆ ಕಾಯಿದೆಯಲ್ಲಿ ಅಡಗಿರುವ ಒಂದು ಮಾತನ್ನು ಪ್ರತಿಯೊಬ್ಬ ತಂದೆತಾಯಿಯೂ ತಿಳಿದಿರಬೇಕು: ಕೆಡೆಟ್ ಆದ ಮಾತ್ರಕ್ಕೆ ಯಾರೂ ಯುದ್ಧಸೇವೆಗೆ ಬದ್ಧರಾಗುವುದಿಲ್ಲ. ಮಗುವನ್ನು ಎನ್‌ಸಿಸಿಗೆ ಸೇರಿಸಿದರೆ ನಾಳೆ ಗಡಿಗೆ ಕಳುಹಿಸಿಬಿಟ್ಟಾರೆಂಬ ಅಂಜಿಕೆಯನ್ನು ಇಂದಿಗೂ ಕೆಲವು ಮನೆಗಳಲ್ಲಿ ಕೇಳುತ್ತೇನಾದುದರಿಂದ ಇದನ್ನು ಒತ್ತಿ ಹೇಳಿದ್ದೇನೆ.

1962ರ ಚೀನಾ ಯುದ್ಧದ ತರುವಾಯ, 1963ರಲ್ಲಿ, ಕಾಲೇಜು ವಿದ್ಯಾರ್ಥಿಗಳಿಗೆ ಎನ್‌ಸಿಸಿ ಕಡ್ಡಾಯವಾಯಿತು. 1968ರಲ್ಲಿ ಮತ್ತೆ ಐಚ್ಛಿಕವಾಯಿತು. ನನ್ನ ತಂದೆಯವರ ವಯಸ್ಸಿನವರಲ್ಲಿ ಕಾಲೇಜಿನ ಮಾತು ಬಂದಾಗ ಪರೇಡಿನ ನೆನಪನ್ನು ತೆಗೆಯದವರು ವಿರಳ; ಬೇಕೆನ್ನಿಸಲಿ ಬೇಡವೆನ್ನಿಸಲಿ ಅವರೆಲ್ಲ ಸಾಲಿನಲ್ಲಿ ನಿಂತವರೇ. ಇಂದಿನ ಮಗುವಿಗೆ ಅಂಥ ಕಟ್ಟಳೆಯಿಲ್ಲ. ಕಾಲೇಜಿನ ಮೊದಲ ವಾರಗಳಲ್ಲಿ ಆಯ್ಕೆಗೆ ಕರೆದಾಗ ಓಡಿ, ನೆಗೆದು, ಎತ್ತರ ಅಳೆಯಿಸಿಕೊಂಡು, ಪ್ರಶ್ನೆಗಳಿಗೆ ಉತ್ತರಿಸಿ, ಇದ್ದ ಕೆಲವೇ ಸ್ಥಾನಗಳಲ್ಲಿ ಒಂದನ್ನು ಗೆದ್ದುಕೊಂಡು ಒಳಗೆ ಹೋಗಬೇಕು. ಬಿಟ್ಟುಬಿಡುವ ಸ್ವಾತಂತ್ರ್ಯ ಪ್ರತಿದಿನವೂ ಇರುವಾಗ ಬಿಡದೆ ಉಳಿಯಬೇಕು. ಆದುದರಿಂದ ಹಿಂದಿನವರಿಗಿಂತ ಇಂದಿನ ಕೆಡೆಟ್ಟಿನ ಸಾಧನೆಗೇ ನಾನು ಹೆಚ್ಚು ಬೆಲೆ ಕಟ್ಟುತ್ತೇನೆ.

ಹೊರಗಿನವರಿಗೆ ಕಾಣುವುದು ಪರೇಡಿನ ಶಿಸ್ತು; ಮನೆಯವರಿಗೆ ಕಾಣುವುದು ಅದರ ಹಿಂದಿನ ರಾತ್ರಿ. ಮಗಳು ಹಳೆಯ ದಿನಪತ್ರಿಕೆಯನ್ನು ನೆಲಕ್ಕೆ ಹಾಸಿ, ಬೂಟುಗಳನ್ನು ಅದರ ಮೇಲಿಟ್ಟು, ಪಾಲಿಶ್ ಡಬ್ಬಿಯಿಂದ ಬಟ್ಟೆಯ ತುದಿಗೆ ಸ್ವಲ್ಪವೇ ಹತ್ತಿಸಿಕೊಂಡು, ಒಂದು ಹನಿ ನೀರು ಸೇರಿಸಿ, ಮುಂಗಾಲಿನ ಭಾಗವನ್ನು ಸಣ್ಣ ಸಣ್ಣ ಸುತ್ತುಗಳಲ್ಲಿ, ಟ್ಯೂಬ್‌ಲೈಟಿನ ಬೆಳಕು ಅದರಲ್ಲಿ ಗೆರೆಯಾಗಿ ಕಾಣಿಸುವವರೆಗೆ ಉಜ್ಜುತ್ತಿದ್ದಳು. ಅನಂತರ ಬೆಲ್ಟಿನ ಹಿತ್ತಾಳೆಗೆ ಬ್ರಾಸೋ. ಅಂಗಿಯ ತೋಳಿಗೆ ಒಂದೇ ಮಡಿಕೆ, ಎರಡಾದರೆ ತಪ್ಪು. ಬೆರೆ ಟೋಪಿಗೆ ಹ್ಯಾಕಲ್ ಎಂಬ ಕೆಂಪು ಗರಿಗುಚ್ಛ. ಬೆಳಗಿನ ಮೈದಾನದಲ್ಲಿ ಹವಾಲ್ದಾರರು 'ಸಾವಧಾನ್' 'ವಿಶ್ರಾಮ್' 'ತೇಜ್ ಚಲ್' ಎಂದು ಕೂಗುವ ಆದೇಶಗಳನ್ನು ಆಕೆ ಮೊದಲ ತಿಂಗಳಲ್ಲಿ ಕನ್ನಡಿಯ ಮುಂದೆ ನಿಂತು ತಾನೇ ಹೇಳಿಕೊಂಡು ಅಭ್ಯಾಸ ಮಾಡುತ್ತಿದ್ದುದೂ ಉಂಟು. ಪರೇಡು ಮುಗಿದ ಮೇಲೆ ಕೆಡೆಟ್ಟುಗಳಿಗೆ ಕೊಡುವ ತಿಂಡಿಯ ವಿಷಯವನ್ನು ಹೇಳದೆ ಬಿಟ್ಟರೆ ಕರ್ನಾಟಕದ ಹಳೆಯ ಕೆಡೆಟ್ಟುಗಳು ನನ್ನನ್ನು ಕ್ಷಮಿಸಲಾರರು. ಬೆವರಿದ ಮೈಯಲ್ಲಿ, ಸ್ನೇಹಿತರ ಭುಜಕ್ಕೆ ಭುಜ ತಾಗಿಸಿ ಕುಳಿತು ತಿಂದ ಆ ಇಡ್ಲಿವಡೆಯ ರುಚಿಯನ್ನು ಅವರು ವೃದ್ಧಾಪ್ಯದಲ್ಲಿಯೂ ಮರೆತಿಲ್ಲ.

ಮನೆಯವರ ಪರೀಕ್ಷೆಯೆಂದರೆ ಶಿಬಿರ. ಸಂಯುಕ್ತ ವಾರ್ಷಿಕ ತರಬೇತಿ ಶಿಬಿರವು ಹತ್ತು ದಿನಗಳದು. ಅದಿಲ್ಲದೆ ಪ್ರಮಾಣಪತ್ರದ ಪರೀಕ್ಷೆಗೆ ಕೂರುವಂತಿಲ್ಲ. ಮೊದಲ ಶಿಬಿರದ ಪತ್ರ ಬಂದಾಗ ನನ್ನ ಹೆಂಡತಿಯು, "ಹತ್ತು ದಿವಸ ಹೆಣ್ಣುಮಗೂನ ಎಲ್ಲಿಗೋ ಕಳಿಸ್ತೀರಲ್ಲ, ಅಲ್ಲಿ ನೀರು ಹೇಗೋ, ಊಟ ಹೇಗೋ" ಎಂದು ತಳಮಳಿಸಿದಳು. ಸಹಿ ಹಾಕುವಾಗ ನನ್ನ ಮನಸ್ಸೂ ಹಗುರವಾಗಿರಲಿಲ್ಲ. ಮಗಳು ಹೋದಳು, ನಸುಕಿನಲ್ಲಿ ಓಟ, ಮಧ್ಯಾಹ್ನ ನಕ್ಷೆಯ ಪಾಠ, .22 ರೈಫಲ್ಲಿನಿಂದ 25 ಮೀಟರ್ ದೂರದ ಗುರಿಗೆ ಗುಂಡು ಹಾರಿಸುವ ಸರದಿ. ಗುಂಡುಗಳು ನಡುಮಧ್ಯಕ್ಕೆ ಬಿದ್ದವೋ ಇಲ್ಲವೋ ಎಂಬುದಕ್ಕಿಂತ ಅವು ಒಂದಕ್ಕೊಂದು ಎಷ್ಟು ಹತ್ತಿರ ಬಿದ್ದಿವೆಯೆಂಬುದನ್ನೇ ಮೊದಲು ನೋಡುತ್ತಾರೆಂದು, ಅದಕ್ಕೆ ಗ್ರೂಪಿಂಗ್ ಎನ್ನುತ್ತಾರೆಂದು, ಉಸಿರನ್ನು ಅರ್ಧ ಬಿಟ್ಟು ಹಿಡಿದು ಕುದುರೆಯನ್ನು ಎಳೆಯಬೇಕೆಂದು ಅವಳು ಹಿಂದಿರುಗಿದ ದಿನ ವಿವರಿಸಿದಳು. ಊಟವಾದ ಕೂಡಲೇ, "ಅಮ್ಮ, ತಟ್ಟೆ ನಾನೇ ತೊಳೀತೀನಿ ಬಿಡು" ಎಂದು ಎದ್ದಳು. ಶಿಬಿರದಲ್ಲಿ ಪ್ರತಿಯೊಬ್ಬರೂ ತಮ್ಮ ತಟ್ಟೆ ಲೋಟಗಳನ್ನು ತಾವೇ ತೊಳೆದುಕೊಳ್ಳುತ್ತಾರೆ. ಗುಂಡು ಹಾರಿಸಿದ ಕಥೆಗಿಂತ ಅವಳ ತಾಯಿಗೆ ಈ ಮಾತೇ ಹೆಚ್ಚು ಹಿಡಿಸಿತು. ನನಗೆ ಹಿಡಿಸಿದ್ದು ಇನ್ನೊಂದು: ಡೇರೆಯಲ್ಲಿ ಅಕ್ಕಪಕ್ಕ ಮಲಗಿದ್ದ ಬೇರೆ ಬೇರೆ ಊರುಗಳ ಹುಡುಗಿಯರಲ್ಲಿ ಯಾರಿಗೆ ಕಾಲು ಬೊಬ್ಬೆಯೆದ್ದಿತ್ತು, ಯಾರಿಗೆ ಮನೆಯ ನೆನಪು ಕಾಡುತ್ತಿತ್ತು, ಯಾರ ಸಾಮಾನನ್ನು ಯಾರು ಹೊತ್ತರು ಎಂಬುದನ್ನೆಲ್ಲ ಅವಳು ಹೆಸರು ಹೆಸರಾಗಿ ಬಲ್ಲವಳಾಗಿದ್ದಳು. ಒಬ್ಬಳೇ ಮಗುವಾಗಿ, ತನ್ನ ಕೋಣೆಯಲ್ಲಿ ತಾನೇ ಬೆಳೆದ ಹುಡುಗಿಗೆ ಇದನ್ನು ಕಲಿಸುವ ಉಪಾಯ ನಮ್ಮಲ್ಲಿರಲಿಲ್ಲ.

'ಎ' ಪ್ರಮಾಣಪತ್ರವು ಶಾಲೆಯ ಮಕ್ಕಳದು. ಕಾಲೇಜಿನಲ್ಲಿ ಎರಡು ವರ್ಷದ ತರುವಾಯ 'ಬಿ', ಅದನ್ನು ಪಡೆದವರಿಗೆ ಮೂರನೆಯ ವರ್ಷದಲ್ಲಿ 'ಸಿ'. ಪರೇಡುಗಳಲ್ಲಿ ಶೇಕಡ 75ರ ಹಾಜರಿ ಬೇಕು. ಪದವಿಯನ್ನು ಮುಗಿಸಿ, 'ಸಿ' ಪರೀಕ್ಷೆಯಲ್ಲಿ ಕನಿಷ್ಠ 'ಬಿ' ಶ್ರೇಣಿಯನ್ನು ಪಡೆದವರಿಗೆ ಭೂಸೇನೆಯ ಎನ್‌ಸಿಸಿ ವಿಶೇಷ ಪ್ರವೇಶದ ಬಾಗಿಲು ತೆರೆಯುತ್ತದೆ. ಅಲ್ಲಿ ಲಿಖಿತ ಪರೀಕ್ಷೆಯಿಲ್ಲದೆ ನೇರವಾಗಿ ಆಯ್ಕೆ ಮಂಡಲಿಯ ಐದು ದಿನಗಳ ಪರೀಕ್ಷಣಕ್ಕೆ ಹೋಗಬಹುದು, ಗೆದ್ದವರು ಚೆನ್ನೈನ ಆಫೀಸರ್ಸ್ ಟ್ರೈನಿಂಗ್ ಅಕಾಡೆಮಿಗೆ ಸೇರಬಹುದು. ಹೆಣ್ಣುಮಕ್ಕಳ ಮಟ್ಟಿಗೆ ಹೇಳುವುದಾದರೆ, ವೈದ್ಯಕೀಯವಲ್ಲದ ಶಾಖೆಗಳಲ್ಲಿ ಸ್ತ್ರೀಯರನ್ನು ಅಧಿಕಾರಿಗಳಾಗಿ ತೆಗೆದುಕೊಳ್ಳಲು ಸೇನೆಯು 1992ರಲ್ಲಿ ತೊಡಗಿತು. ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಹೆಣ್ಣುಮಕ್ಕಳ ಮೊದಲ ತಂಡ ಸೇರಿದ್ದು 2022ರಲ್ಲಿ. ಇದೂ ಅಲ್ಲದೆ, ಎನ್‌ಸಿಸಿಯನ್ನು ಪದವಿಯ ಐಚ್ಛಿಕ ವಿಷಯವಾಗಿ ಪರಿಗಣಿಸಿ ಕ್ರೆಡಿಟ್ ಕೊಡಬೇಕೆಂದು ಯುಜಿಸಿಯು 2021ರಲ್ಲಿ ವಿಶ್ವವಿದ್ಯಾಲಯಗಳಿಗೆ ಸೂಚಿಸಿದೆ.

ಕೆಡೆಟ್ಟುಗಳೆಲ್ಲರ ಕನಸು ದೆಹಲಿಯ ಗಣರಾಜ್ಯೋತ್ಸವ ಶಿಬಿರ. ಕಾಲೇಜಿನಿಂದ ಬೆಟಾಲಿಯನ್ನಿಗೆ, ಅಲ್ಲಿಂದ ಗ್ರೂಪಿಗೆ, ಗ್ರೂಪಿನಿಂದ ಕರ್ನಾಟಕ ಮತ್ತು ಗೋವಾ ನಿರ್ದೇಶನಾಲಯಕ್ಕೆ ಎಂದು ಮೆಟ್ಟಿಲು ಮೆಟ್ಟಿಲಾಗಿ ಜರಡಿ ಹಿಡಿದು ಉಳಿದವರಷ್ಟೇ ಅಲ್ಲಿಗೆ ಹೋಗುವರು. ಅಲ್ಲಿ ಪ್ರಧಾನಮಂತ್ರಿಗಳ ರ‍್ಯಾಲಿ ನಡೆಯುವ ದೆಹಲಿ ಕಂಟೋನ್ಮೆಂಟಿನ ಮೈದಾನಕ್ಕೆ ನಮ್ಮ ಕೊಡಗಿನವರ ಹೆಸರಿದೆ: 1899ರಲ್ಲಿ ಶನಿವಾರಸಂತೆಯಲ್ಲಿ ಹುಟ್ಟಿ, 1949ರ ಜನವರಿ 15ರಂದು ಸ್ವತಂತ್ರ ಭಾರತದ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕಾರ್ಯಪ್ಪನವರದು. ನನ್ನ ಮಗಳು ಆ ಮೈದಾನವನ್ನು ತುಳಿಯಲಿಲ್ಲ; ಗ್ರೂಪಿನ ಹಂತದಲ್ಲಿಯೇ ಹಿಂದಿರುಗಿದಳು. ಎರಡು ದಿನ ಮಂಕಾಗಿದ್ದು, ಮೂರನೆಯ ದಿನ ಆಯ್ಕೆಯಾದ ಗೆಳತಿಗೆ ತನ್ನ ಬಿಳಿಯ ಕೈಗವಸುಗಳನ್ನು ಒಗೆದು ಕೊಟ್ಟುಬಂದಳು. ಪ್ರಮಾಣಪತ್ರವನ್ನು ಕಂಡಾಗಲೂ ಆಗದಷ್ಟು ಹೆಮ್ಮೆ ನನಗೆ ಆ ದಿನ ಆಯಿತು.

ಈಗ ಅವಳು ಬಿ.ಇಡಿ. ಓದಲು ನಿಶ್ಚಯಿಸಿದ್ದಾಳೆ. ಸೇನೆಗೆ ಹೋಗದಿದ್ದ ಮೇಲೆ ಇಷ್ಟೆಲ್ಲ ಏತಕ್ಕೆ ಎಂದು ಬಂಧುಗಳು ಕೇಳುತ್ತಾರೆ. ಸೇನೆಗೆ ಜನರನ್ನು ಒದಗಿಸುವುದೊಂದೇ ಎನ್‌ಸಿಸಿಯ ಉದ್ದೇಶವಲ್ಲ. ಬದುಕಿನ ಯಾವ ಕ್ಷೇತ್ರದಲ್ಲಾದರೂ ಮುಂದೆ ನಿಲ್ಲಬಲ್ಲ ತರುಣರನ್ನು ಸಿದ್ಧಪಡಿಸುವುದು ಅದರ ಘೋಷಿತ ಗುರಿಗಳಲ್ಲಿ ಒಂದು. 2020ರ ಕೊರೊನಾ ಕಾಲದಲ್ಲಿ 'ಯೋಗದಾನ' ಎಂಬ ಹೆಸರಿನಲ್ಲಿ ಕೆಡೆಟ್ಟುಗಳು ಆಡಳಿತದ ನೆರವಿಗೆ ನಿಂತರು. 2021ರ ಡಿಸೆಂಬರಿನಲ್ಲಿ ಕಡಲತೀರಗಳ ಪ್ಲಾಸ್ಟಿಕ್ ಆಯಲು ತೊಡಗಿದ 'ಪುನೀತ್ ಸಾಗರ್' ಅಭಿಯಾನವು ಅನಂತರ ನದಿ ಕೆರೆಗಳಿಗೂ ವಿಸ್ತರಿಸಿತು. ಕೆರೆಯ ದಡದಲ್ಲಿ ಬಾಗಿ ಕಸವೆತ್ತಲು ನಾಚದ ಉಪಾಧ್ಯಾಯಿನಿಯೊಬ್ಬಳು ಗೊಟ್ಟಿಗೆರೆಯಂಥ ಊರಿಗೆ ಎಷ್ಟು ಬೇಕಾದವಳೆಂಬುದನ್ನು ನಮ್ಮ ಕೆರೆಯನ್ನು ನೋಡಿದವರಿಗೆ ವಿವರಿಸಬೇಕಾಗಿಲ್ಲ.

ಎದುರು ಮನೆಯ ಹುಡುಗಿ ಈ ವರ್ಷ ಆಯ್ಕೆಯಾಗಿದ್ದಾಳೆ. ಅವಳ ತಾಯಿ ಮೊನ್ನೆ ಸಂಜೆ ಬಂದು, ಶಿಬಿರಕ್ಕೆ ಕಳುಹಿಸುವುದೋ ಬೇಡವೋ ಎಂದು ನನ್ನ ಹೆಂಡತಿಯನ್ನು ಕೇಳಿದರು. "ಧಾರಾಳವಾಗಿ ಕಳಿಸಿ. ಕಾಲುಚೀಲ ಮಾತ್ರ ಎರಡು ಜೊತೆ ಹೆಚ್ಚಿಗೆ ಹಾಕಿ, ಹೊಸ ಬೂಟನ್ನ ಮನೇಲೇ ನಾಲ್ಕು ದಿನ ಹಾಕಿಸಿ ಅಭ್ಯಾಸ ಮಾಡಿಸಿ" ಎಂದು ಅವಳು ಹೇಳುತ್ತಿದ್ದುದು ನನಗೆ ಒಳಗಿನ ಕೋಣೆಗೆ ಕೇಳಿಸುತ್ತಿತ್ತು.