ಹಳೆಯ ಮದ್ದು: ಬಾಳಿಕೆಯೂ ಅಪಾಯವೂ

ಕನ್ನಡದಲ್ಲಿ ಔಷಧಕ್ಕೂ ಕೋವಿಯ ಪುಡಿಗೂ ‘ಮದ್ದು’ ಎಂಬ ಒಂದೇ ಹೆಸರು. ಔಷಧದಂತೆ ಕೋವಿಯ ಮದ್ದಿಗೂ ಬಾಳಿಕೆಯ ಮಿತಿಯುಂಟೆಂಬುದು ಮಾತ್ರ ಸುಲಭವಾಗಿ ಮರೆತುಹೋಗುತ್ತದೆ.

ಕೋವಿಯು ಮನೆತನದ ಆಸ್ತಿಯಾಗಿರುವ ಕೊಡಗಿನಲ್ಲಿ ಈ ಮರೆವು ಅಪಾಯಕರ. 1861ರಲ್ಲಿ ಮಾರ್ಕ್ ಕಬ್ಬನ್ ಕೊಡವರಿಗಿತ್ತ ವಿನಾಯಿತಿಯು 1959ರ ಆಯುಧ ಕಾಯಿದೆಯ ಕಾಲದಲ್ಲಿಯೂ ಮುಂದುವರಿದು, 2019ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ವಿಸ್ತರಣೆ ಪಡೆಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್‌ಪೂ ಮುಡಿಸಿ ಪೂಜಿಸುವುದುಂಟು. ಗಂಡುಮಗು ಹುಟ್ಟಿದಾಗ ಒಂದು ಗುಂಡು, ಸಾವಾದಾಗ ಎರಡು ಗುಂಡು ಹಾರಿಸುವ ಸಂಪ್ರದಾಯವೂ ಉಂಟು. ಇಂಥ ಮನೆಯೊಂದರಲ್ಲಿ ಅಜ್ಜನ ಕಾಲದ ಮದ್ದಿನ ಡಬ್ಬಿ ದೊರೆತರೆ, ಅದನ್ನು ಖಾಲಿ ತೋಟೆಗಳಿಗೆ ತುಂಬಬಹುದೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಮದ್ದಿನಲ್ಲಿ ಎರಡು ಜಾತಿ. ಪೆಟ್ಲುಪ್ಪು, ಗಂಧಕ, ಇದ್ದಿಲುಗಳ ಮಿಶ್ರಣವೇ ಕರಿಮದ್ದು. ಇದರ ಶತ್ರು ನೀರು. ತೇವ ತಗುಲಿದರೆ ಪೆಟ್ಲುಪ್ಪು ಕರಗಿ, ಒಣಗುವಾಗ ಬೇರೆಯಾಗಿ ಹರಳುಗಟ್ಟುತ್ತದೆ. ಬಿಸಿಲಿಗೆ ಹಾಕಿದ ಮಾತ್ರಕ್ಕೆ ಮೊದಲಿನ ಹದ ಮರಳಿ ಬಾರದು. ಅಂಥ ಮದ್ದು ಸೊರಗಿ ಉರಿದು ಗುಂಡು ನಳಿಗೆಯಲ್ಲಿಯೇ ಸಿಕ್ಕಿಕೊಂಡರೆ, ಮುಂದಿನ ಗುಂಡಿಗೆ ನಳಿಗೆಯೇ ಸಿಡಿಯಬಹುದು. ಒಣಗಿಯೇ ಉಳಿದ ಕರಿಮದ್ದಾದರೋ ಎಷ್ಟು ಹಳತಾದರೂ ಕಿಡಿ ತಗುಲಿದೊಡನೆ ಹೊತ್ತಿಕೊಳ್ಳುತ್ತದೆ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಪಾಳುಬಾವಿಯೊಂದರಲ್ಲಿ ಟಿಪ್ಪುವಿನ ಕಾಲದ ಸಾವಿರಕ್ಕೂ ಮಿಕ್ಕಿದ ರಾಕೆಟ್ಟುಗಳು ದೊರೆತವು. ಕಬ್ಬಿಣ ತುಕ್ಕು ಹಿಡಿದಿದ್ದರೂ ಅಲ್ಲಿಯ ಮಣ್ಣಿನಲ್ಲಿ ಮದ್ದಿನ ವಾಸನೆ ಉಳಿದಿತ್ತು.

ಎರಡನೆಯದು 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ರೂಪಿಸಿದ ಹೊಗೆಯಿಲ್ಲದ ಮದ್ದು. ಇದರ ಮೂಲದ್ರವ್ಯ ನೈಟ್ರೋಸೆಲ್ಯುಲೋಸ್. ಇದರ ಶತ್ರು ಒಳಗೇ ಇದೆ. ಕಾಲಕ್ರಮದಲ್ಲಿ ಇದು ತಾನಾಗಿ ವಿಘಟನೆಗೊಂಡು ಆಮ್ಲಗುಣದ ಅನಿಲಗಳನ್ನು ಬಿಡುತ್ತದೆ. ಆ ಅನಿಲಗಳು ವಿಘಟನೆಯನ್ನು ಮತ್ತಷ್ಟು ತೀವ್ರಗೊಳಿಸುತ್ತವೆ. ಅವನ್ನು ಹೀರಿಕೊಳ್ಳಲೆಂದು ಡೈಫಿನೈಲಮೀನ್‌ನಂಥ ದ್ರವ್ಯವನ್ನು ಬೆರೆಸಿರುತ್ತಾರೆ. ಅದು ತೀರಿದ ಮೇಲೆ ಮದ್ದಿಗೆ ಹುಳಿವಾಸನೆ ಬರುತ್ತದೆ, ಕೆಂಗಂದು ಧೂಳು ಏಳುತ್ತದೆ, ಹಿತ್ತಾಳೆಯ ತೋಟೆ ಕಿಲುಬುತ್ತದೆ. ಹೆಚ್ಚು ಪ್ರಮಾಣದಲ್ಲಿದ್ದರೆ ಕಿಡಿಯಿಲ್ಲದೆಯೂ ಹೊತ್ತಿಕೊಳ್ಳಬಹುದು. ತೂಲೋನ್ ಬಂದರಿನಲ್ಲಿ 1907ರಲ್ಲಿ ‘ಯೇನಾ’, 1911ರಲ್ಲಿ ‘ಲಿಬೆರ್ತೆ’ ಎಂಬ ಯುದ್ಧನೌಕೆಗಳು ಸಿಡಿದುಹೋದುದಕ್ಕೆ ಇಂಥ ಕೆಟ್ಟ ಮದ್ದೇ ಕಾರಣವೆಂದು ಎಣಿಸಲಾಗಿದೆ. ತಂಪಾದ ಒಣಜಾಗದಲ್ಲಿ ಇಟ್ಟರೆ ಈ ವಿಘಟನೆ ನಿಧಾನವಾದೀತೇ ಹೊರತು ನಿಲ್ಲದು.

ಇವೆರಡರ ಬಲವೂ ಒಂದೇ ಅಲ್ಲ. ಕರಿಮದ್ದಿಗೆ ರೂಢಿಯಾದ ಅಳತೆಯಲ್ಲಿ ಹೊಗೆಯಿಲ್ಲದ ಮದ್ದನ್ನು ತುಂಬಿದರೆ ಕೋವಿ ಸಿಡಿದು ಕೈಯೋ ಕಣ್ಣೋ ಹೋದೀತು. ಚೀಟಿ ಹರಿದುಹೋದ ಡಬ್ಬಿಯಲ್ಲಿರುವುದು ಯಾವ ಮದ್ದೆಂದು ಬಣ್ಣ ನೋಡಿ ನಿರ್ಧರಿಸುವಂತಿಲ್ಲ. ಹಳತನ್ನು ಹೊಸತರೊಡನೆ ಬೆರೆಸುವುದಂತೂ ಕೂಡದು.

ಆದುದರಿಂದ ವಿಲೆ ಪಾರ್ಲೆಯಲ್ಲಿ ನೆಲಸಿದ ಕುಟುಂಬವೊಂದು ಹಬ್ಬಕ್ಕೆ ಊರಿಗೆ ಹೋದಾಗ ಅಟ್ಟದ ಮೇಲೆ ಅಂಥ ಡಬ್ಬಿ ಕಂಡರೆ, ಅದನ್ನು ತೆರೆಯದೆ, ಅಲುಗಿಸದೆ ಪೊಲೀಸ್ ಠಾಣೆಗೆ ತಿಳಿಸುವುದೇ ಯುಕ್ತ. ಹಿರಿಯರ ಕೋವಿಯನ್ನು ಪೂಜಿಸಿ ಕಾಪಾಡಬಹುದು. ಅವರ ಮದ್ದನ್ನು ಕಾಪಾಡಬೇಕಾದುದಿಲ್ಲ. ಕಾನೂನು ಕೊಟ್ಟ ವಿನಾಯಿತಿ ಕೋವಿಗೆ ಸಂಬಂಧಿಸಿದ್ದು. ಮದ್ದಿನ ಗುಣ ಯಾರಿಗೂ ವಿನಾಯಿತಿ ಕೊಡುವುದಿಲ್ಲ.